ಮೊದಲನೆಯ ಅನುಸೂಚಿ: ಒಂದು ಸಂಘಟನೆಯನ್ನು ಸರ್ಕಾರ ಭಯೋತ್ಪಾದಕ ಎಂದು ಘೋಷಿಸುವ ಬಗೆ



2010ರ ಫೆಬ್ರುವರಿ 13ರ ಶನಿವಾರ ಸಂಜೆ ಏಳರ ಸುಮಾರಿಗೆ ಈ ಪುಣೆಯ ಕೋರೆಗಾಂವ್ ಪಾರ್ಕಿನಲ್ಲಿ, ಜರ್ಮನ್ ಬೇಕರಿಯೊಳಗೆ ಬಾಂಬು ಸಿಡಿಯಿತು. 17 ಜನ ತೀರಿಕೊಂಡರು. ಓದಲೆಂದು ಈ ಊರಿಗೆ ಬಂದ ಹುಡುಗ ಹುಡುಗಿಯರು, ಹೊರದೇಶದವರು, ಅಲ್ಲೇ ಕೆಲಸ ಮಾಡುತ್ತಿದ್ದವರು ಅವರಲ್ಲಿದ್ದರು. ಎರಡು ತಿಂಗಳ ಮೇಲೆ, ಏಪ್ರಿಲ್ 17ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೋಡೆಯ ಬಳಿ ಐಪಿಎಲ್ ಪಂದ್ಯಕ್ಕೆ ಸ್ವಲ್ಪ ಮೊದಲು ಬಾಂಬು ಸ್ಫೋಟವಾಯಿತು. ಎರಡರ ಹಿಂದೆಯೂ ಇಂಡಿಯನ್ ಮುಜಾಹಿದೀನ್ ಇದೆ ಎಂದು ತನಿಖಾ ಸಂಸ್ಥೆಗಳು ಹೇಳಿದವು. ಆ ವರ್ಷದ ಜೂನ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಗೆಜೆಟ್‌ನಲ್ಲಿ ಒಂದು ಅಧಿಸೂಚನೆ ಪ್ರಕಟಿಸಿತು. 1967ರ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯ (ಯುಎಪಿಎ) ಮೊದಲನೆಯ ಅನುಸೂಚಿಗೆ ಒಂದು ಹೊಸ ಸಾಲು ಸೇರಿತು: ಇಂಡಿಯನ್ ಮುಜಾಹಿದೀನ್, ಅದರ ಎಲ್ಲ ರೂಪಗಳು ಹಾಗೂ ಅದರ ಮುಂಚೂಣಿ ಸಂಘಟನೆಗಳು. ಕ್ರಮಸಂಖ್ಯೆ 35.

ಇವತ್ತು ನಾನು ಮಾತಾಡಬೇಕೆಂದಿರುವುದು ಈ ಒಂದು ಸಾಲಿನ ಬಗ್ಗೆ. ಇದನ್ನು ಬರೆಯುವವರು ಯಾರು? ಬರೆಯುವ ಮುಂಚೆ ಯಾರನ್ನು ಕೇಳಬೇಕು? ಬರೆದ ಮೇಲೆ ಅಳಿಸುವುದು ಹೇಗೆ? ಆ ಸಾಲಿನ ಕೆಳಗೆ ಸಿಕ್ಕಿಕೊಂಡವರ ಗತಿ ಏನು? ಈ ಪ್ರಶ್ನೆಗಳನ್ನು ವಕೀಲರಿಗೆ ಬಿಟ್ಟು ನಾವು ಪೇಪರ್ ಮಡಚಿಡುತ್ತೇವೆ. ಬಾಂಬಿನಲ್ಲಿ ಸತ್ತವರೂ ನಮ್ಮವರು, ತಪ್ಪು ಹೆಸರಿನಲ್ಲಿ ಜೈಲಿಗೆ ಹೋದವರೂ ನಮ್ಮವರು. ಹಾಗಾಗಿ ಮಡಚಿಡುವುದು ತರವಲ್ಲ ಎಂದು ನನಗೆ ಅನ್ನಿಸುತ್ತದೆ.

ಮುಂದೆ ಹೋಗುವ ಮುನ್ನ ಒಂದು ಊರಿನ ವಿಷಯ. 2019ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು, ಸಂಘಟನೆಗಳಷ್ಟೇ ಅಲ್ಲದೆ ಬಿಡಿ ವ್ಯಕ್ತಿಗಳನ್ನೂ ಭಯೋತ್ಪಾದಕರೆಂದು ಘೋಷಿಸುವ ಅಧಿಕಾರ ಕೇಂದ್ರಕ್ಕೆ ಸಿಕ್ಕಿತು. ಅದಕ್ಕಾಗಿ ನಾಲ್ಕನೆಯ ಅನುಸೂಚಿ ಹುಟ್ಟಿತು. ಮೊದಲು ಅದರಲ್ಲಿ ಸೇರಿದವರು ಮಸೂದ್ ಅಜರ್, ಹಫೀಜ್ ಸಯೀದ್, ಲಖ್ವಿ, ದಾವೂದ್ ಇಬ್ರಾಹಿಂ. 2020ರ ಅಕ್ಟೋಬರ್‌ನಲ್ಲಿ ಮತ್ತೆ 18 ಹೆಸರು ಸೇರಿದವು. ಅವುಗಳಲ್ಲಿ ಇಂಡಿಯನ್ ಮುಜಾಹಿದೀನ್‌ನ ರಿಯಾಜ್ ಭಟ್ಕಳ ಮತ್ತು ಇಕ್ಬಾಲ್ ಭಟ್ಕಳ ಎಂಬ ಹೆಸರುಗಳಿದ್ದವು. ಉತ್ತರ ಕನ್ನಡದ ಒಂದು ಕಡಲತೀರದ ಊರು ಹೀಗೆ ಭಾರತದ ರಾಜ್ಯಪತ್ರದಲ್ಲಿ ಅಡ್ಡಹೆಸರಾಗಿ ನಿಂತಿತು. ಭಟ್ಕಳ ಎಂದರೆ ಮಲ್ಲಿಗೆ, ನವಾಯತರ ಅಡುಗೆ, ಶತಮಾನಗಳ ಕಡಲ ವ್ಯಾಪಾರ, ಹಳೆಯ ಬಸದಿ ಮತ್ತು ಗುಡಿಗಳು. ಅಲ್ಲಿನ ಹುಡುಗರು ದೂರದ ಊರಲ್ಲಿ ಬಾಡಿಗೆ ಮನೆ ಹುಡುಕುವಾಗ ಹುಟ್ಟಿದೂರು ಹೇಳಲು ಹಿಂದೆಮುಂದೆ ನೋಡುವಂತಾಯಿತು. ಸರ್ಕಾರ ಘೋಷಿಸಿದ್ದು ಇಬ್ಬರನ್ನು. ಅದರ ಭಾರ ಬಿದ್ದದ್ದು ಇಡೀ ಊರಿನ ಮೇಲೆ. ಸರ್ಕಾರಿ ಘೋಷಣೆಗೆ ಇಂಥ ಬಲವೂ ಇದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಕೇಳಿ.

ನಮ್ಮ ದೇಶದಲ್ಲಿ ಒಂದು ಸಂಘಟನೆಯನ್ನು ನಿಷೇಧಿಸಲು ಎರಡು ದಾರಿಗಳಿವೆ. ಪತ್ರಿಕೆಗಳು ಎರಡಕ್ಕೂ ‘ಬ್ಯಾನ್’ ಎಂಬ ಒಂದೇ ಪದ ಬಳಸುವುದರಿಂದ ಓದಿದವರೂ ಗೊಂದಲಕ್ಕೆ ಬೀಳುತ್ತಾರೆ. 2022ರ ಸೆಪ್ಟೆಂಬರ್ 28ರಂದು ಪಾಪ್ಯುಲರ್ ಫ್ರಂಟ್ ಆಫ್ ಇಂಡಿಯಾದ ಮೇಲೆ ನಿಷೇಧ ಬಂತಲ್ಲ, ಅದನ್ನು ಭಯೋತ್ಪಾದಕ ಸಂಘಟನೆ ಎಂದು ಘೋಷಿಸಲಾಯಿತು ಎಂದೇ ಬಹಳ ಜನ ತಿಳಿದಿದ್ದಾರೆ. ಹಾಗಾಗಿಲ್ಲ. ಪಿಎಫ್‌ಐ ಮತ್ತು ಅದರ ಎಂಟು ಅಂಗಸಂಸ್ಥೆಗಳನ್ನು ಕಾಯ್ದೆಯ 3ನೇ ಕಲಮಿನಡಿ ‘ಕಾನೂನುಬಾಹಿರ ಸಂಘ’ ಎಂದು ಘೋಷಿಸಲಾಯಿತು. ಸುಳ್ಯ ತಾಲ್ಲೂಕಿನ ಬೆಳ್ಳಾರೆಯಲ್ಲಿ ಅದೇ ವರ್ಷ ಜುಲೈ 26ರಂದು ನಡೆದ ಪ್ರವೀಣ್ ನೆಟ್ಟಾರು ಕೊಲೆಯ ಪ್ರಸ್ತಾಪ ಆ ಅಧಿಸೂಚನೆಯಲ್ಲೇ ಇದೆ. ಇಂಡಿಯನ್ ಮುಜಾಹಿದೀನ್ ಮೇಲೆ ಬಂದದ್ದು 35ನೇ ಕಲಂ. ಅದು ‘ಭಯೋತ್ಪಾದಕ ಸಂಘಟನೆ’ ಎಂಬ ಹೆಸರಿನ ದಾರಿ.

ಮೊದಲು 3ನೇ ಕಲಮಿನ ದಾರಿ ನೋಡೋಣ. ಸರ್ಕಾರ ಕಾರಣಗಳನ್ನು ಅಧಿಸೂಚನೆಯಲ್ಲೇ ಬರೆಯಬೇಕು. ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗುವ ಸಂಗತಿಗಳನ್ನು ಮಾತ್ರ ಬಿಡಬಹುದು. ಅಧಿಸೂಚನೆ ಜನಕ್ಕೆ ತಿಳಿಯುವಂತೆ ಮಾಡಬೇಕು. ಹೇಗೆ ಎಂದು ಕಾಯ್ದೆಯೇ ಹೇಳುತ್ತದೆ: ಪತ್ರಿಕೆಯಲ್ಲಿ ಹಾಕಬೇಕು, ಸಾಧ್ಯವಾದಷ್ಟು ಪದಾಧಿಕಾರಿಗಳಿಗೆ ಪ್ರತಿ ಮುಟ್ಟಿಸಬೇಕು, ಕಚೇರಿಯ ಬಾಗಿಲಲ್ಲಿ ಎದ್ದು ಕಾಣುವಂತೆ ಅಂಟಿಸಬೇಕು, ಇಲ್ಲವೇ ಸಂಘ ಕೆಲಸ ಮಾಡುವ ಪ್ರದೇಶದಲ್ಲಿ ಡಂಗುರ ಹೊಡೆಸಿ ಅಥವಾ ಧ್ವನಿವರ್ಧಕದಲ್ಲಿ ಸಾರಬೇಕು. 1967ರ ಕಾಯ್ದೆ ಬರೆದವರಿಗೆ ಡಂಗುರ ನೆನಪಾಗಿದ್ದು ನನಗೆ ತುಂಬ ಹಿಡಿಸಿದ ವಿಷಯ. ಊರಿನಲ್ಲಿ ಪೇಪರ್ ಓದಲು ಬಾರದ ಒಬ್ಬ ಸದಸ್ಯನಿದ್ದರೆ ಅವನಿಗೂ ಗೊತ್ತಾಗಬೇಕು, ನಾಳೆಯಿಂದ ಆ ಸಂಘದ ಸಭೆಗೆ ಹೋದರೆ ಅಪರಾಧ ಎಂದು. ಅದು ಪ್ರಜೆಯನ್ನು ಗೌರವಿಸುವ ಆಡಳಿತದ ರೀತಿ.

ಮುಂದಿನ ಹೆಜ್ಜೆ ಇನ್ನೂ ಮುಖ್ಯ. ಅಧಿಸೂಚನೆ ಹೊರಬಿದ್ದ 30 ದಿನಗಳೊಳಗೆ ಸರ್ಕಾರ ಅದನ್ನು ಒಂದು ನ್ಯಾಯಮಂಡಳಿಗೆ ಒಪ್ಪಿಸಬೇಕು. ಅದರಲ್ಲಿ ಕೂರುವವರು ಹೈಕೋರ್ಟಿನ ಹಾಲಿ ನ್ಯಾಯಮೂರ್ತಿ ಒಬ್ಬರು. ಅವರು ಸಂಘಕ್ಕೆ ನೋಟಿಸ್ ಕೊಡುತ್ತಾರೆ, ರಾಜ್ಯ ರಾಜ್ಯಗಳ ಪೊಲೀಸ್ ಅಧಿಕಾರಿಗಳ ಸಾಕ್ಷ್ಯ ಕೇಳುತ್ತಾರೆ, ಪಾಟೀಸವಾಲಿಗೆ ಅವಕಾಶ ಕೊಡುತ್ತಾರೆ, ಆರು ತಿಂಗಳಲ್ಲಿ ತೀರ್ಮಾನ ಹೇಳುತ್ತಾರೆ. ಅವರು ಎತ್ತಿಹಿಡಿದರಷ್ಟೇ ನಿಷೇಧ ನಿಲ್ಲುತ್ತದೆ. ತುರ್ತು ಇದ್ದರೆ ಕಾರಣ ಬರೆದು ತಕ್ಷಣದಿಂದಲೇ ಜಾರಿಗೆ ತರಬಹುದು. ಪಿಎಫ್‌ಐ ವಿಷಯದಲ್ಲಿ ಹಾಗೇ ಆಯಿತು. 2023ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ದಿನೇಶ್ ಕುಮಾರ್ ಶರ್ಮಾ ಅವರ ನ್ಯಾಯಮಂಡಳಿ ಅದನ್ನು ಎತ್ತಿಹಿಡಿಯಿತು. ಇಷ್ಟಾದರೂ ಅದಕ್ಕೆ ಅವಧಿ ಇದೆ. ಮೊದಲು ಎರಡು ವರ್ಷವಿತ್ತು, 2013ರಿಂದ ಐದು ವರ್ಷ. ಮುಗಿದ ಮೇಲೆ ಸರ್ಕಾರ ಮತ್ತೆ ಮೊದಲಿನಿಂದ ಹೊಸ ಕಾರಣ ತೋರಿಸಬೇಕು.

ಈಗ 35ನೇ ಕಲಂ. ಸಂಘಟನೆ ಭಯೋತ್ಪಾದನೆಯಲ್ಲಿ ತೊಡಗಿದೆ ಎಂದು ಕೇಂದ್ರ ಸರ್ಕಾರ ‘ನಂಬಿದರೆ’ ಅನುಸೂಚಿಗೆ ಹೆಸರು ಸೇರಿಸಬಹುದು. ಕೃತ್ಯ ಎಸಗುವುದು, ಅದರಲ್ಲಿ ಭಾಗವಹಿಸುವುದು, ಅದಕ್ಕೆ ತಯಾರಿ ನಡೆಸುವುದು, ಉತ್ತೇಜನ ಕೊಡುವುದು ಅಥವಾ ಬೇರೆ ಯಾವುದೇ ರೀತಿಯಲ್ಲಿ ತೊಡಗುವುದು, ಇಷ್ಟೂ ಆ ನಂಬಿಕೆಯೊಳಗೆ ಬರುತ್ತದೆ. ಮೊದಲು ನೋಟಿಸ್ ಇಲ್ಲ. ನ್ಯಾಯಮಂಡಳಿ ಇಲ್ಲ. ಅವಧಿ ಇಲ್ಲ. ಡಂಗುರವೂ ಇಲ್ಲ, ಗೆಜೆಟ್ ಸಾಕು. ಹೆಸರು ತೆಗೆಯಬೇಕೆಂದು ಸಂಘಟನೆಯಾಗಲಿ ಅದರಿಂದ ತೊಂದರೆಗೊಳಗಾದ ವ್ಯಕ್ತಿಯಾಗಲಿ ಅದೇ ಕೇಂದ್ರ ಸರ್ಕಾರಕ್ಕೆ ಅರ್ಜಿ ಕೊಡಬಹುದು. ಅದು ತಿರಸ್ಕೃತವಾದರೆ ಒಂದು ತಿಂಗಳೊಳಗೆ ಪುನರ್ವಿಮರ್ಶಾ ಸಮಿತಿಗೆ ಹೋಗಬಹುದು. ಸಮಿತಿಯ ಅಧ್ಯಕ್ಷರು ಹೈಕೋರ್ಟಿನ ಹಾಲಿ ಅಥವಾ ಮಾಜಿ ನ್ಯಾಯಮೂರ್ತಿ ಆಗಿರುತ್ತಾರೆ ನಿಜ, ಆದರೆ ಆ ಸಮಿತಿಯನ್ನು ನೇಮಿಸುವುದೂ ಸರ್ಕಾರವೇ. ಅರ್ಜಿ ಕೊಡಲು ಮುಂದೆ ಬಂದವನು ತಾನು ಆ ಸಂಘಟನೆಗೆ ಸಂಬಂಧಿಸಿದವನು ಎಂದು ತಾನೇ ಬರೆದುಕೊಟ್ಟಂತಾಗುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಾನೂನುಬಾಹಿರ ಸಂಘದ ಸದಸ್ಯನಾದರೆ ಹೆಚ್ಚೆಂದರೆ ಎರಡು ವರ್ಷ ಸಜೆ. ಭಯೋತ್ಪಾದಕ ಸಂಘಟನೆಯ ಸದಸ್ಯತ್ವಕ್ಕೆ 38ನೇ ಕಲಮಿನಲ್ಲಿ ಹತ್ತು ವರ್ಷ, ಬೆಂಬಲಕ್ಕೆ 39ರಲ್ಲಿ ಹತ್ತು, ಹಣ ಎತ್ತಿದರೆ 40ರಲ್ಲಿ ಹದಿನಾಲ್ಕು, 20ನೇ ಕಲಂ ಹಾಕಿದರೆ ಜೀವಾವಧಿಯವರೆಗೂ ಹೋಗಬಹುದು. ಶಿಕ್ಷೆ ಚಿಕ್ಕದಿರುವ ಕಡೆ ನ್ಯಾಯಮೂರ್ತಿ ಇದ್ದಾರೆ. ಶಿಕ್ಷೆ ದೊಡ್ಡದಿರುವ ಕಡೆ ಇಲ್ಲ. ನಾನು ಇಲ್ಲಿಗೆ ಬಂದಿರುವುದು ಈ ಮಾತು ಹೇಳುವುದಕ್ಕೆ. ಹೆಚ್ಚು ಭಾರದ ಹೆಸರನ್ನು ಇಡುವಾಗ ಕಡಿಮೆ ಪ್ರಶ್ನೆ ಕೇಳುವ ಕಾಯ್ದೆ ಬುಡಮೇಲಾಗಿ ನಿಂತಿದೆ.

ಇದು ಹೀಗೇಕಾಯಿತು? ಸ್ವಲ್ಪ ಹಿಂದೆ ಹೋಗಬೇಕು, ಹಿಂದೆ ಹೋದರೆ ಪುಣೆಯಲ್ಲೇ ನಿಲ್ಲಬೇಕು. 1897ರ ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಆಮೇಲೆ ಈ ಊರಿನ ನಾತು ಸಹೋದರರನ್ನು ವಿಚಾರಣೆಯೇ ಇಲ್ಲದೆ ಬಂಧಿಸಿಡಲಾಯಿತು. ಅದಕ್ಕೆ ಬಳಸಿದ್ದು 1827ರ ಮುಂಬಯಿ ರೆಗ್ಯುಲೇಶನ್ 25. ಸರ್ಕಾರಕ್ಕೆ ಅನ್ನಿಸಿದರೆ ಸಾಕು, ಕಾರಣ ಹೇಳಬೇಕಿಲ್ಲ. 1908ರಲ್ಲಿ ಇಡೀ ಸಂಘಗಳನ್ನೇ ಹಾಗೆ ನಿಷೇಧಿಸುವ ಕಾನೂನು ಬಂತು. ಬಂಗಾಳದ ಅನುಶೀಲನ ಸಮಿತಿ ಅದರ ಬಾಯಿಗೆ ಬಿತ್ತು.

ಸ್ವಾತಂತ್ರ್ಯ ಬಂದ ಮೇಲೂ ಆ 1908ರ ಕಾನೂನು ಉಳಿದಿತ್ತು. ಮದ್ರಾಸ್ ಸರ್ಕಾರ ಅದನ್ನು ತಿದ್ದಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಎಂಬ ಸಂಸ್ಥೆಯನ್ನು ನಿಷೇಧಿಸಿದಾಗ ಅದರ ಪ್ರಧಾನ ಕಾರ್ಯದರ್ಶಿ ವಿ.ಜಿ. ರಾವ್ ನ್ಯಾಯಾಲಯಕ್ಕೆ ಹೋದರು. 1952ರ ಮಾರ್ಚ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಪತಂಜಲಿ ಶಾಸ್ತ್ರಿಯವರ ಸುಪ್ರೀಂ ಕೋರ್ಟ್ ಆ ಕಲಮನ್ನು ಹೊಡೆದುಹಾಕಿತು. ಸಂಘ ಕಟ್ಟುವ ಹಕ್ಕನ್ನು ಸರ್ಕಾರದ ಸ್ವಂತ ಅಭಿಪ್ರಾಯವೊಂದರಿಂದಲೇ ಕಸಿದುಕೊಳ್ಳುವಂತಿಲ್ಲ, ಕಾರಣಗಳು ನ್ಯಾಯಿಕ ವಿಚಾರಣೆಗೆ ಒಳಗಾಗಲೇಬೇಕು, ಸಲಹಾ ಮಂಡಳಿಯೊಂದಿದೆ ಎಂದ ಮಾತ್ರಕ್ಕೆ ಅದು ಸಾಲದು ಎಂಬುದು ಆ ತೀರ್ಪಿನ ತಿರುಳು. 1967ರ ಕಾಯ್ದೆಯಲ್ಲಿ ನ್ಯಾಯಮಂಡಳಿ ಬಂದಿದ್ದು ಈ ತೀರ್ಪಿನ ಹಿನ್ನೆಲೆಯಲ್ಲಿ. ಅದು ಯಾರೂ ದಯಪಾಲಿಸಿದ್ದಲ್ಲ.

ಆ ನ್ಯಾಯಮಂಡಳಿ ಹೆಸರಿಗಷ್ಟೇ ಇರಲಿಲ್ಲ. ಬಾಬರಿ ಮಸೀದಿ ಬಿದ್ದ ಮೇಲೆ 1992ರ ಡಿಸೆಂಬರ್ 10ರಂದು ಐದು ಸಂಘಟನೆಗಳನ್ನು ನಿಷೇಧಿಸಿದರು. ನ್ಯಾಯಮೂರ್ತಿ ಬಾಹ್ರಿಯವರ ನ್ಯಾಯಮಂಡಳಿ 1993ರಲ್ಲಿ ಆರೆಸ್ಸೆಸ್ ಮತ್ತು ಬಜರಂಗ ದಳದ ಮೇಲಿನ ನಿಷೇಧ ತೆಗೆಯಿತು. ಜಮಾತೆ ಇಸ್ಲಾಮಿ ಹಿಂದ್ ಮೇಲಿನ ನಿಷೇಧವನ್ನು ಅದು ಉಳಿಸಿದ್ದನ್ನು 1994ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿತು. ಸರ್ಕಾರದ ಅಧಿಕಾರಿಗಳು ಹೇಳಿದ್ದನ್ನು ಒಪ್ಪಿಬಿಡುವುದು ವಿಚಾರಣೆ ಆಗುವುದಿಲ್ಲ ಎಂದು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಪೀಠ ವಿವರಿಸಿತು. ಬಲಕ್ಕೂ ಎಡಕ್ಕೂ, ಹಿಂದೂ ಸಂಘಟನೆಗೂ ಮುಸ್ಲಿಂ ಸಂಘಟನೆಗೂ ನ್ಯಾಯದ ಬಾಗಿಲು ತೆರೆದಿತ್ತು.

ಆ ಬಾಗಿಲಿನ ಪಕ್ಕದಲ್ಲಿ ಇನ್ನೊಂದು ದಾರಿ ತೆರೆದದ್ದು 2001ರಲ್ಲಿ. ಸೆಪ್ಟೆಂಬರ್ 11ರ ದಾಳಿಯ ಬಳಿಕ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1373ನೇ ನಿರ್ಣಯ ಮಾಡಿತು. ಅಕ್ಟೋಬರ್‌ನಲ್ಲಿ ನಮ್ಮಲ್ಲಿ ಭಯೋತ್ಪಾದನೆ ತಡೆಯುವ ಪೋಟಾ ಸುಗ್ರೀವಾಜ್ಞೆ ಬಂತು, ಅದರ ಬೆನ್ನಿಗೆ 23 ಸಂಘಟನೆಗಳ ಪಟ್ಟಿ. 2002ರ ಮಾರ್ಚ್‌ನಲ್ಲಿ ಸಂಸತ್ತಿನ ಜಂಟಿ ಅಧಿವೇಶನದಲ್ಲಿ ಪೋಟಾ ಕಾಯ್ದೆಯಾಯಿತು. 2004ರ ಸೆಪ್ಟೆಂಬರ್‌ನಲ್ಲಿ ಹೊಸ ಸರ್ಕಾರ ಪೋಟಾವನ್ನು ರದ್ದುಮಾಡಿತು, ಜನ ಸಮಾಧಾನಪಟ್ಟರು. ಅದೇ ದಿನ ಅದರ ಪಟ್ಟಿ, ಅದರ ವಿಧಾನ ಎರಡೂ 1967ರ ಕಾಯ್ದೆಯೊಳಗೆ ಆರನೆಯ ಅಧ್ಯಾಯವಾಗಿ ಬಂದು ಕೂತವು. ಪೋಟಾ ತಾತ್ಕಾಲಿಕ ಕಾನೂನಾಗಿತ್ತು, ಯುಎಪಿಎ ಕಾಯಂ. ನ್ಯಾಯವಾಗಿ ಹೇಳಬೇಕೆಂದರೆ, 2003ರಲ್ಲಿ ಸುಪ್ರೀಂ ಕೋರ್ಟ್ ಪೋಟಾದ ಈ ಭಾಗವನ್ನು ಎತ್ತಿಹಿಡಿದಿದೆ, ಮೊದಲು ಕೇಳದಿದ್ದರೂ ಆಮೇಲೆ ಕೇಳಲು ಪುನರ್ವಿಮರ್ಶಾ ಸಮಿತಿ ಇದೆಯಲ್ಲ ಎಂಬ ಕಾರಣಕ್ಕೆ. ಆ ತೀರ್ಪಿಗೆ ತಲೆಬಾಗುತ್ತೇನೆ. ಆದರೂ 1952ರ ತೀರ್ಪನ್ನು ಓದಿದಾಗ ನನಗೆ ಅದೇ ಹೆಚ್ಚು ಸರಿ ಅನ್ನಿಸುತ್ತದೆ.

ಎರಡು ಪಟ್ಟಿಗಳ ಗಂಟು ಎಂಥದು ಎಂದು ಸಿಮಿಯ ಕಥೆಯಲ್ಲಿ ಕಾಣುತ್ತದೆ. ಸ್ಟೂಡೆಂಟ್ಸ್ ಇಸ್ಲಾಮಿಕ್ ಮೂವ್‌ಮೆಂಟ್ ಆಫ್ ಇಂಡಿಯಾವನ್ನು 2001ರ ಸೆಪ್ಟೆಂಬರ್‌ನಲ್ಲಿ ಕಾನೂನುಬಾಹಿರ ಸಂಘ ಎಂದು ಘೋಷಿಸಿದರು; ಆಮೇಲೆ ಅದು ಭಯೋತ್ಪಾದಕ ಸಂಘಟನೆಗಳ ಪಟ್ಟಿಗೂ ಸೇರಿತು. 2008ರ ಆಗಸ್ಟ್ 5ರಂದು ನ್ಯಾಯಮೂರ್ತಿ ಗೀತಾ ಮಿತ್ತಲ್ ಅವರ ನ್ಯಾಯಮಂಡಳಿ, ಸರ್ಕಾರ ಕೊಟ್ಟ ಕಾರಣ ಸಾಲದು ಎಂದು ನಿಷೇಧವನ್ನು ಎತ್ತಿಹಿಡಿಯಲು ನಿರಾಕರಿಸಿತು. ಮರುದಿನವೇ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ತಡೆಯಾಜ್ಞೆ ಬರದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ನಾನು ವಿದ್ಯಾರ್ಥಿಗಳನ್ನು ಕೇಳುತ್ತಿದ್ದೆ. ಸಿಮಿ ಕಾನೂನುಬಾಹಿರ ಸಂಘವಾಗಿ ಉಳಿಯುತ್ತಿರಲಿಲ್ಲ, ಆದರೆ ಮೊದಲನೆಯ ಅನುಸೂಚಿಯಲ್ಲಿ ಭಯೋತ್ಪಾದಕ ಸಂಘಟನೆಯಾಗಿ ಹಾಗೇ ಇರುತ್ತಿತ್ತು. ಹೈಕೋರ್ಟ್ ನ್ಯಾಯಮೂರ್ತಿ ಸಾಕ್ಷ್ಯ ನೋಡಿ ಸಣ್ಣ ಹೆಸರಿಗೂ ಆಧಾರ ಸಾಲದು ಎಂದರೂ ದೊಡ್ಡ ಹೆಸರಿಗೆ ಧಕ್ಕೆಯಿಲ್ಲ. ಸಿಮಿ ಏನು ಮಾಡಿತು, ಮಾಡಲಿಲ್ಲ ಎಂಬ ಚರ್ಚೆ ಬೇರೆ. ಕಾಯ್ದೆ ಹೆಣೆದ ರೀತಿಯನ್ನು ಮಾತ್ರ ಹೇಳುತ್ತಿದ್ದೇನೆ.

ಅದೇ 2008ರ ಆರಂಭದಲ್ಲಿ ಹುಬ್ಬಳ್ಳಿಯಲ್ಲಿ ಸಿಮಿ ಸಂಚು ಎಂಬ ಪ್ರಕರಣ ದಾಖಲಾಗಿ ವೈದ್ಯಕೀಯ ವಿದ್ಯಾರ್ಥಿಗಳು, ಎಂಜಿನಿಯರುಗಳು ಬಂಧಿತರಾದರು. ಉತ್ತರ ಕರ್ನಾಟಕದಲ್ಲೆಲ್ಲ ಅದೇ ಸುದ್ದಿ. 2015ರಲ್ಲಿ ಹುಬ್ಬಳ್ಳಿಯ ನ್ಯಾಯಾಲಯ 17 ಆರೋಪಿಗಳನ್ನೂ ಬಿಡುಗಡೆ ಮಾಡಿತು. ಬಂಧನ ಮುಖಪುಟದ ಸುದ್ದಿಯಾಗಿತ್ತು. ಏಳು ವರ್ಷದ ಮೇಲೆ ಬಂದ ಬಿಡುಗಡೆಯನ್ನು ಎಷ್ಟು ಜನ ಓದಿದರೋ! 2008ರ ಡಿಸೆಂಬರ್‌ನಲ್ಲಿ, ಮುಂಬಯಿ ದಾಳಿಯ ಬೆನ್ನಲ್ಲೇ, ಕಾಯ್ದೆಗೆ 43ಡಿ ಕಲಂ ಸೇರಿತು: ಆರೋಪ ಮೇಲ್ನೋಟಕ್ಕೆ ನಿಜವೆನ್ನಿಸಿದರೆ ಜಾಮೀನು ಕೊಡುವಂತಿಲ್ಲ. ಪೊಲೀಸರ ಕಾಗದಪತ್ರವನ್ನು ಜಾಮೀನಿನ ಹಂತದಲ್ಲಿ ಆಳವಾಗಿ ತೂಗಿ ನೋಡಬಾರದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬರೀ ಸದಸ್ಯತ್ವ ಅಪರಾಧವಲ್ಲ ಎಂದು 2011ರಲ್ಲಿ ಕೊಟ್ಟಿದ್ದ ತೀರ್ಪನ್ನು 2023ರ ಮಾರ್ಚ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ತೆಗೆದುಹಾಕಿತು. ಈ ಎಲ್ಲದರ ಪರಿಣಾಮವಾಗಿ ಗೆಜೆಟ್‌ನ ಆ ಒಂದು ಸಾಲಿಗೆ ಇವತ್ತು 2004ರಲ್ಲಿ ಇದ್ದುದಕ್ಕಿಂತ ಎಷ್ಟೋ ಪಾಲು ಹೆಚ್ಚು ಬಲ ಬಂದಿದೆ. ಸಾಲು ಬರೆಯುವ ವಿಧಾನ ಮಾತ್ರ ಬದಲಾಗಿಲ್ಲ.

ಪುಣೆಯವರಿಗೆ ಇದು ಹತ್ತಿರದಿಂದ ಗೊತ್ತು. 2009ರ ಜೂನ್‌ನಲ್ಲಿ ಸಿಪಿಐ ಮಾವೋವಾದಿ ಪಕ್ಷ ಅನುಸೂಚಿಗೆ ಸೇರಿತು, ‘ಎಲ್ಲ ರೂಪಗಳು ಹಾಗೂ ಮುಂಚೂಣಿ ಸಂಘಟನೆಗಳು’ ಎಂಬ ಬಾಲದೊಂದಿಗೆ. ಮುಂಚೂಣಿ ಸಂಘಟನೆ ಯಾವುದು? ಕಾಯ್ದೆ ಹೇಳುವುದಿಲ್ಲ. 2011ರಲ್ಲಿ ಈ ಊರಿನ ಕಬೀರ್ ಕಲಾ ಮಂಚ್ ಎಂಬ ಹಾಡುಗಾರರ ತಂಡ ಅಂಥದ್ದೆಂದು ಭಯೋತ್ಪಾದನಾ ನಿಗ್ರಹ ದಳ ಹೇಳಿತು. ಬೀದಿಯಲ್ಲಿ ಡಪ್ಪು ಬಾರಿಸಿ ಜಾತಿಯ ವಿರುದ್ಧ ಹಾಡುತ್ತಿದ್ದ ತಂಡದ ಹೆಸರು ಅನುಸೂಚಿಯಲ್ಲಿ ಇರಲಿಲ್ಲ. 2013ರ ಜನವರಿಯಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿ ಅಭಯ್ ಠಿಪ್ಸೆ ಕೆಲವರಿಗೆ ಜಾಮೀನು ಕೊಟ್ಟರು. ಅಸಮಾನತೆಯ ಬಗ್ಗೆ, ಬಡವರ ಶೋಷಣೆಯ ಬಗ್ಗೆ ಮಾತಾಡುವುದನ್ನು, ಇದಕ್ಕಿಂತ ಒಳ್ಳೆಯ ಸಮಾಜ ಬರಲಿ ಎಂದು ಬಯಸುವುದನ್ನು ಈ ದೇಶ ನಿಷೇಧಿಸಿಲ್ಲ ಎಂಬುದು ಅವರ ಆದೇಶದ ಧ್ವನಿ. ಆದರೆ ಮುಂಚೂಣಿ ಯಾವುದು ಎಂದು ತೀರ್ಮಾನಿಸುವ ಕೆಲಸ ಪೊಲೀಸ್ ಠಾಣೆಯಲ್ಲೇ ಮುಂದುವರಿಯಿತು. 2017ರ ಡಿಸೆಂಬರ್ 31ರಂದು ಶನಿವಾರವಾಡೆಯ ಎದುರು ಎಲ್ಗಾರ್ ಪರಿಷತ್ ನಡೆಯಿತು, ಮರುದಿನ ಕೋರೆಗಾಂವ್ ಭೀಮಾದಲ್ಲಿ ಹಿಂಸಾಚಾರವಾಯಿತು, ವಿಶ್ರಾಮಬಾಗ್ ಠಾಣೆಯಲ್ಲಿ ದೂರು ದಾಖಲಾಯಿತು. ಅದರಿಂದ 16 ಜನರ ಬಂಧನದವರೆಗೆ ಪ್ರಕರಣ ಬೆಳೆಯಿತು. ಅವರಲ್ಲಿ 84 ವರ್ಷದ ಸ್ಟ್ಯಾನ್ ಸ್ವಾಮಿ ವಿಚಾರಣೆ ಆರಂಭವಾಗುವ ಮೊದಲೇ, 2021ರ ಜುಲೈ 5ರಂದು, ಬಂಧನದಲ್ಲಿದ್ದಾಗಲೇ ತೀರಿಕೊಂಡರು. ಅವರ ಮೇಲಿನ ಆರೋಪ ನಿಜವೋ ಸುಳ್ಳೋ ಎಂದು ಯಾವ ನ್ಯಾಯಾಲಯವೂ ಇನ್ನು ಹೇಳಲಾರದು. ಇದನ್ನು ಹೇಳುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ಪಟ್ಟಿಗೆ ಸೇರದವರ ಕಥೆಯೂ ಇದೆ. 2013ರ ಆಗಸ್ಟ್ 20ರಂದು ಇಲ್ಲಿನ ಓಂಕಾರೇಶ್ವರ ಸೇತುವೆಯ ಮೇಲೆ ನರೇಂದ್ರ ದಾಭೋಳ್ಕರ್, 2015ರಲ್ಲಿ ಕೊಲ್ಹಾಪುರದಲ್ಲಿ ಗೋವಿಂದ ಪಾನಸರೆ, ಅದೇ ವರ್ಷ ಆಗಸ್ಟ್ 30ರಂದು ಧಾರವಾಡದ ಕಲ್ಯಾಣನಗರದಲ್ಲಿ ನಮ್ಮ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಕೊಲೆಯಾದರು. ಹಿಂದೂ ಸಂಘಟನೆಯಾದ ಸನಾತನ ಸಂಸ್ಥೆಯನ್ನು ನಿಷೇಧಿಸಬೇಕೆಂದು ಮಹಾರಾಷ್ಟ್ರ ಸರ್ಕಾರ 2011ರಲ್ಲೇ, ಅಂದರೆ ಈ ಕೊಲೆಗಳಿಗೂ ಮುಂಚೆ, ಕೇಂದ್ರಕ್ಕೆ ಪ್ರಸ್ತಾವ ಕಳಿಸಿತ್ತು. ನಿಷೇಧ ಬರಲಿಲ್ಲ. ಕೊಲೆಗಳಿಗೂ ತನಗೂ ಸಂಬಂಧವಿಲ್ಲ ಎಂದು ಆ ಸಂಸ್ಥೆ ಹೇಳುತ್ತ ಬಂದಿದೆ. ದಾಭೋಳ್ಕರ್ ಪ್ರಕರಣದಲ್ಲಿ 2024ರ ಮೇ 10ರಂದು ಪುಣೆ ನ್ಯಾಯಾಲಯ ಇಬ್ಬರಿಗೆ ಜೀವಾವಧಿ ಶಿಕ್ಷೆ ಕೊಟ್ಟು ಮೂವರನ್ನು ಬಿಡುಗಡೆ ಮಾಡಿತು. ಯುಎಪಿಎ ಆರೋಪ ಸಾಬೀತಾಗಲಿಲ್ಲ. ಪ್ರಸ್ತಾವ ಸರಿಯಿತ್ತೋ ಇಲ್ಲವೋ ಎಂದು ನಾನು ತೀರ್ಪು ಕೊಡುತ್ತಿಲ್ಲ. ಒಂದು ರಾಜ್ಯ ಸರ್ಕಾರ ಲಿಖಿತವಾಗಿ ಕೇಳಿದ್ದಕ್ಕೂ ಕೇಂದ್ರ ಕಾರಣಸಹಿತ ಉತ್ತರ ಪ್ರಕಟಿಸಬೇಕೆಂಬ ನಿಯಮ ಕಾಯ್ದೆಯಲ್ಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಸೇರಿಸಿದ್ದಕ್ಕೆ ನ್ಯಾಯಮೂರ್ತಿಯ ಪರಿಶೀಲನೆಯಿಲ್ಲ, ಸೇರಿಸದಿರುವುದಕ್ಕೆ ಕಾರಣವೂ ಸಿಗುವುದಿಲ್ಲ. ಗೌರಿ ಪ್ರಕರಣದಲ್ಲಿ ಕರ್ನಾಟಕದ ವಿಶೇಷ ತನಿಖಾ ದಳ ಬೇರೊಂದು ಸಂಗತಿ ಕಂಡಿತು: ಆರೋಪಿಗಳ ಗುಂಪಿಗೆ ಹೆಸರೇ ಇರಲಿಲ್ಲ. ಹೆಸರೇ ಇಲ್ಲದ್ದನ್ನು ಯಾವ ಅನುಸೂಚಿಗೂ ಸೇರಿಸಲಾಗದು. ದಳ ಕೋಕಾ ಕಾಯ್ದೆಯಡಿ ಸಂಘಟಿತ ಅಪರಾಧ ಕೂಟ ಎಂದು ಮೊಕದ್ದಮೆ ಹೂಡಿತು.

ಸರ್ಕಾರದ ಪರವಾಗಿ ಹೇಳುವ ಮಾತು ಎರಡು: ಗೂಢಚಾರರ ಮಾಹಿತಿ ಬಯಲಾಗಬಾರದು, ತಡವಾಗಬಾರದು. ಮೊದಲನೆಯದು ನಿಜವಾದ ಕಷ್ಟ. ಅದಕ್ಕೆ 3ನೇ ಕಲಮಿನ ದಾರಿಯಲ್ಲೇ ಪರಿಹಾರವಿದೆ. ಗುಟ್ಟಿನ ದಾಖಲೆಯನ್ನು ಸಂಘಕ್ಕೆ ತೋರಿಸದೆ ನ್ಯಾಯಮೂರ್ತಿಗೆ ಮಾತ್ರ ತೋರಿಸಬಹುದು. ಎರಡನೆಯದನ್ನು ಜರ್ಮನ್ ಬೇಕರಿಯ ಲೆಕ್ಕದಲ್ಲೇ ನೋಡಿ. ಇಂಡಿಯನ್ ಮುಜಾಹಿದೀನ್ ತನ್ನ ಹೆಸರಿನಲ್ಲಿ ಇಮೇಲ್ ಕಳಿಸಿದ್ದು 2007ರ ನವೆಂಬರ್‌ನಲ್ಲಿ, ಉತ್ತರ ಪ್ರದೇಶದ ನ್ಯಾಯಾಲಯಗಳ ಆವರಣದಲ್ಲಿ ಬಾಂಬು ಸಿಡಿದಾಗ. 2008ರಲ್ಲಿ ಜೈಪುರ, ಅಹಮದಾಬಾದ್, ದೆಹಲಿ. ಪಟ್ಟಿಗೆ ಸೇರಿದ್ದು 2010ರ ಜೂನ್‌ನಲ್ಲಿ. ನೋಟಿಸ್ ಬೇಡ, ನ್ಯಾಯಮಂಡಳಿ ಬೇಡ ಎಂಬ ದಾರಿಯಲ್ಲೇ ಎರಡೂವರೆ ವರ್ಷ ಹಿಡಿಯಿತು. ಪಿಎಫ್‌ಐ ಮೇಲೆ ನ್ಯಾಯಮಂಡಳಿಯ ದಾರಿಯಲ್ಲಿ ನಿಷೇಧ ಒಂದೇ ದಿನದಲ್ಲಿ ಜಾರಿಯಾಯಿತು. ತಡವಾಗಲು ನ್ಯಾಯಮೂರ್ತಿ ಕಾರಣ ಎನ್ನುವವರು ಈ ಎರಡು ತಾರೀಖು ನೋಡಲಿ. ಪಟ್ಟಿಗೆ ಸೇರಿಸಿದರೆ ಮೊಕದ್ದಮೆ ತಾನಾಗಿ ಗೆಲ್ಲುವುದೂ ಇಲ್ಲ. ಜರ್ಮನ್ ಬೇಕರಿ ಪ್ರಕರಣದಲ್ಲಿ ಒಬ್ಬನಿಗೆ 2013ರಲ್ಲಿ ಪುಣೆ ನ್ಯಾಯಾಲಯ ಮರಣದಂಡನೆ ವಿಧಿಸಿತು. 2016ರ ಮಾರ್ಚ್‌ನಲ್ಲಿ ಮುಂಬಯಿ ಹೈಕೋರ್ಟ್ ಅವನನ್ನು ಭಯೋತ್ಪಾದನೆಯ ಆರೋಪಗಳಿಂದ ಮುಕ್ತಗೊಳಿಸಿ ಸ್ಫೋಟಕ ಇಟ್ಟುಕೊಂಡ ಅಪರಾಧಕ್ಕೆ ಜೀವಾವಧಿ ಉಳಿಸಿತು. ಆ ಬೇಕರಿಯಲ್ಲಿ ಮಗಳನ್ನು ಕಳೆದುಕೊಂಡ ತಾಯಿಗೆ ಬೇಕಿರುವುದು ಗಟ್ಟಿ ಸಾಕ್ಷ್ಯ, ಗಟ್ಟಿ ತನಿಖೆ. ಗೆಜೆಟ್ ಸಾಲು ಅದಕ್ಕೆ ಬದಲಿಯಲ್ಲ.

ಬೇರೆ ದೇಶಗಳಲ್ಲಿ ಹೇಗೆ? ಅಮೆರಿಕದಲ್ಲಿ ವಿದೇಶಾಂಗ ಸಚಿವರು ಹೆಸರಿಸುತ್ತಾರೆ. ಏಳು ದಿನ ಮುಂಚೆ ಸಂಸತ್ತಿನ ನಾಯಕರಿಗೆ ತಿಳಿಸಬೇಕು, 30 ದಿನದಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು, ಕನಿಷ್ಠ ಐದು ವರ್ಷಕ್ಕೊಮ್ಮೆ ಪುನರ್ವಿಮರ್ಶೆಯಾಗಬೇಕು. ಇಂಡಿಯನ್ ಮುಜಾಹಿದೀನ್ ಆ ಪಟ್ಟಿಗೆ ಸೇರಿದ್ದು 2011ರಲ್ಲಿ. ಬ್ರಿಟನ್ನಿನಲ್ಲಿ ಸಂಸತ್ತಿನ ಎರಡೂ ಸದನ ಒಪ್ಪಬೇಕು, ಮೇಲ್ಮನವಿಗೆ ಪ್ರತ್ಯೇಕ ಆಯೋಗವಿದೆ. ಇರಾನಿನ ಪೀಪಲ್ಸ್ ಮುಜಾಹಿದೀನ್ ಆ ಆಯೋಗಕ್ಕೆ ಹೋಗಿ ಗೆದ್ದು 2008ರಲ್ಲಿ ಪಟ್ಟಿಯಿಂದ ಹೊರಬಂತು. ಇಂಟರ್‌ನ್ಯಾಷನಲ್ ಸಿಖ್ ಯೂತ್ ಫೆಡರೇಶನ್ನನ್ನು ಬ್ರಿಟನ್ 2016ರಲ್ಲಿ ತೆಗೆಯಿತು. ನಮ್ಮ ಅನುಸೂಚಿಯಲ್ಲಿ ಅದು ನಾಲ್ಕನೆಯ ಹೆಸರು. ಈ ದೇಶಗಳ ಪಟ್ಟಿಗಳಲ್ಲೂ ರಾಜಕೀಯ ಬೆರೆತಿದೆ, ಅವನ್ನು ಮಾದರಿ ಎನ್ನಲಾರೆ. ಆದರೆ ಹೊರಗೆ ಬರುವ ಬಾಗಿಲು ನಿಜವಾಗಿ ತೆರೆಯುತ್ತದೆ ಎಂದು ಅಲ್ಲಿ ಗೊತ್ತಾಗಿದೆ.

ನಮ್ಮಲ್ಲಿ ಹೆಸರು ಉಳಿದುಕೊಳ್ಳುವುದಕ್ಕೆ ಎಲ್‌ಟಿಟಿಇ ನೋಡಿ. ರಾಜೀವ್ ಗಾಂಧಿ ಹಂತಕರ ಗುಂಪಿನ ಶಿವರಾಸನ್ 1991ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯಲ್ಲಿ ಸತ್ತ. 1992ರ ಮೇ 14ರಂದು ಸಂಘಟನೆಯನ್ನು ಕಾನೂನುಬಾಹಿರ ಎಂದು ಘೋಷಿಸಿದರು. 2009ರಲ್ಲಿ ಶ್ರೀಲಂಕಾದಲ್ಲಿ ಅದರ ಸೇನೆ ಮುಗಿಯಿತು. ಕಾನೂನುಬಾಹಿರ ಎಂಬ ಘೋಷಣೆಯನ್ನು ಅವಧಿ ಮುಗಿದಾಗಲೆಲ್ಲ ನವೀಕರಿಸುತ್ತ ಬಂದಿದ್ದಾರೆ, ಕೊನೆಯದಾಗಿ 2024ರಲ್ಲಿ. ಪ್ರತಿ ಸಲ ನ್ಯಾಯಮಂಡಳಿಯ ಮುಂದೆ ವಾದ ನಡೆಯುತ್ತದೆ. ಮೊದಲನೆಯ ಅನುಸೂಚಿಯ ಸಾಲು ಮಾತ್ರ ಯಾರೂ ಮುಟ್ಟದೆ ಹಾಗೇ ಇದೆ.

ಆದ್ದರಿಂದ ನಾನು ಕೇಳುವುದು ದೊಡ್ಡದೇನಲ್ಲ. 3ನೇ ಕಲಮಿನಲ್ಲಿ ಈಗಾಗಲೇ ಇರುವುದನ್ನು 35ನೇ ಕಲಮಿಗೂ ಕೊಡಿ. ತಕ್ಷಣ ಜಾರಿ ಮಾಡಿ, ಬೇಡವೆನ್ನುವುದಿಲ್ಲ. ಆದರೆ 30 ದಿನದಲ್ಲಿ ಒಬ್ಬ ಹಾಲಿ ನ್ಯಾಯಮೂರ್ತಿಯ ಮುಂದಿಡಿ. ಇತ್ತೀಚಿನ ಅಧಿಸೂಚನೆಗಳಲ್ಲಿ, ಉದಾಹರಣೆಗೆ 2023ರ ಜನವರಿಯಲ್ಲಿ ದಿ ರೆಸಿಸ್ಟೆನ್ಸ್ ಫ್ರಂಟ್ ಕುರಿತು ಬಂದದ್ದರಲ್ಲಿ, ಸಚಿವಾಲಯ ಕಾರಣಗಳನ್ನು ವಿಸ್ತಾರವಾಗಿ ಬರೆದಿದೆ. ಇದು ಒಳ್ಳೆಯ ಬೆಳವಣಿಗೆ, ಆ ರೂಢಿಯನ್ನು ಕಾಯ್ದೆಯ ನಿಯಮ ಮಾಡಿ. ಮುಂಚೂಣಿ ಸಂಘಟನೆಯೆಂದು ಯಾರ ಮೇಲಾದರೂ ಮೊಕದ್ದಮೆ ಹಾಕುವುದಿದ್ದರೆ ಅದರ ಹೆಸರನ್ನು ಮೊದಲು ಪ್ರಕಟಿಸಿ. ಪಟ್ಟಿಗೆ ಸೇರುವ ಮುಂಚೆ ಸದಸ್ಯನಾಗಿದ್ದು ಆಮೇಲೆ ಯಾವ ಚಟುವಟಿಕೆಯಲ್ಲೂ ಭಾಗವಹಿಸದವನಿಗೆ 38ನೇ ಕಲಂ ರಕ್ಷಣೆ ಕೊಡುತ್ತದೆ. ಯಾವ ದಿನ ಯಾವ ಹೆಸರು ಸೇರಿತು ಎಂದೇ ಗೊತ್ತಾಗದವನು ಆ ರಕ್ಷಣೆಯನ್ನು ಹೇಗೆ ಪಡೆಯಬೇಕು? ಮತ್ತು ಐದು ವರ್ಷದ ಅವಧಿ ಇಡಿ.

ಅವಧಿಯ ವಿಷಯದಲ್ಲಿ ಕರ್ನಾಟಕದ ಒಂದು ಪ್ರಕರಣ ಹೇಳಿ ಮುಗಿಸುತ್ತೇನೆ. 2000ದ ಜೂನ್ ಮತ್ತು ಜುಲೈನಲ್ಲಿ ಕಲಬುರಗಿ ಜಿಲ್ಲೆಯ ವಾಡಿ, ಹುಬ್ಬಳ್ಳಿ, ಬೆಂಗಳೂರಿನ ಚರ್ಚುಗಳಲ್ಲಿ ಬಾಂಬು ಸಿಡಿದವು. ಜುಲೈ 9ರ ರಾತ್ರಿ ಮಾಗಡಿ ರಸ್ತೆಯಲ್ಲಿ ಒಂದು ವ್ಯಾನು ಸ್ಫೋಟಗೊಂಡು ಅದರಲ್ಲಿದ್ದ ಇಬ್ಬರು ಸತ್ತಾಗ ಸುಳಿವು ಸಿಕ್ಕಿತು. ದೀನದಾರ್ ಅಂಜುಮನ್ ಎಂಬ ಪಂಥದವರ ಮೇಲೆ ಮೊಕದ್ದಮೆ ನಡೆಯಿತು, 2008ರಲ್ಲಿ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿತು. ತಪ್ಪು ಮಾಡಿದವರಿಗೆ ನ್ಯಾಯಾಲಯದಲ್ಲಿ ಶಿಕ್ಷೆಯಾಯಿತು, ಆಗಲೇಬೇಕಿತ್ತು. ಪಂಥದ ಹೆಸರು ಮೊದಲನೆಯ ಅನುಸೂಚಿಯಲ್ಲಿ 23ನೇ ಸಾಲಾಗಿ ಉಳಿಯಿತು. ಸ್ಫೋಟದ ವರ್ಷ ಹುಟ್ಟಿರದ ಮಕ್ಕಳೂ ಆ ಪಂಥದ ಮನೆತನಗಳಲ್ಲಿ ಈಗ ದೊಡ್ಡವರಾಗಿದ್ದಾರೆ. ಆ ಸಾಲು ಇನ್ನೂ ಬೇಕು ಎಂದು ಸರ್ಕಾರ ಹೇಳಬಹುದು, ಹೇಳಲು ಗಟ್ಟಿ ಕಾರಣವೂ ಇರಬಹುದು. ಪಿಎಫ್‌ಐ ಮೇಲಿನ ಘೋಷಣೆಯ ಐದು ವರ್ಷ 2027ರ ಸೆಪ್ಟೆಂಬರ್‌ನಲ್ಲಿ ಮುಗಿಯುತ್ತದೆ. ಮುಂದುವರಿಸಬೇಕೆಂದರೆ ಸರ್ಕಾರ ಮತ್ತೆ ನ್ಯಾಯಮಂಡಳಿಗೆ ಬಂದು ಕಾರಣ ಹೇಳಲೇಬೇಕು. 23ನೇ ಸಾಲಿನ ಬಗ್ಗೆ ಹಾಗೆ ಬಂದು ಹೇಳಬೇಕಾದ ತಾರೀಖು ಯಾವುದೂ ಕಾಯ್ದೆಯಲ್ಲಿಲ್ಲ.